ವಾಸನಿ ಇಲ್ಲದ ಬಸ್ಸು

ಹಗಲೆಲ್ಲ ನಾನು ಹಲ್ಲು ಮಾಡ್ತೀನಿ,
ಕೊಪ್ಪೀಕರ್ ರೋಡಿನ ಮಾಳಿಗಿ ಮ್ಯಾಲಿನ ಲ್ಯಾಬಿನಾಗ.
ಗುಲಾಬಿ ಪುಡಿಗೆ ಹನಿ ಹನಿ ಮಾನೊಮರ್ ಬಿಟ್ಟು ಕಲಸೂದು.
ಅದರ ವಾಸನಿ ನನ್ನ ಮೂಗಿನಾಗ ಮನಿ ಹಿಡದು
ಬಾಡಿಗಿನೂ ಕೊಡದ ಹದಿನಾಲ್ಕು ವರ್ಷ ಕುಂತದ.
ಅವಲಕ್ಕಿ ತಿಂದರೂ ಅದ, ಮಲ್ಲಿಗಿ ಮುಡಿದರೂ ಅದ.

ರಾತ್ರಿ, ಗಣೇಶಪೇಟಿ ಖೋಲಿಯೊಳಗ,
ಬಸ್ಸು ಕಟ್ಟತೀನಿ.
ಗೇಣುದ್ದ. ರಟ್ಟು, ತೆಳು ಹಲಗಿ, ಮುರದ ಚಾಳೀಸಿನ ತಂತಿ.
ಹುಬ್ಬಳ್ಳಿಯಿಂದ ಧಾರವಾಡಕ್ಕ ಉಣಕಲ್ ಹಾದು
ತೇಕತ ಹೋಗತಿದ್ದ ಹಳೇ ಕೆಂಪು ಬಸ್ಸು,
ಹಿಂದಿನ ಬಾಗಲಕ್ಕ ಹಗ್ಗ ಕಟ್ಟಿದ್ದು.
ಬಣ್ಣ ಅಕ್ರಿಲಿಕ್.
ನಗಬ್ಯಾಡ್ರಿ, ಹಗಲು ಮಾಡೂ ಹಲ್ಲೂ ಅಕ್ರಿಲಿಕ್ಕ.
ಒಂದ ಹೆಸರಿನಾಗ ಹೊಟ್ಟಿಪಾಡೂ ಅದ, ಹುಚ್ಚೂ ಅದ.

ಹ್ವಾದ ಆಷಾಢದಾಗ ಹಿಂದಿನ ಬಸ್ಸಿಗೆ
ಡಬ್ಬಿ ಅಲುಗಾಡಿಸಿ ಸ್ಪ್ರೇ ಲ್ಯಾಕರ್ ಹೊಡದೆ.
ಹೊರಗ ಜಿಟಿಜಿಟಿ. ಮುಂಜಾನೆದ್ದು ನೋಡಿದರ
ಬೂಸರು ಬಂದಂಗ ಬೆಳ್ಳನ್ನ ಮಬ್ಬು,
ಟಾಪಿನ ಬಣ್ಣ ಕೆನಿ ಸುಕ್ಕುಗಟ್ಟಿದಂಗ.
ಮ್ಯಾಲಿನ ಮನಿ ಶಹಜಾನಬಿ
ಪಾವಟಿಗಿ ಮ್ಯಾಲೆ ಕುಂತು ಸೆರಗು ಬಾಯಿಗೊತ್ತಿ
ಒಂದು ತಾಸು ಕೆಮ್ಮಿದಳು.
ಬೈಲಿಲ್ಲ. ‘ಏನ್ ಸುಟ್ಟಿ ಬೇಟಿ?’ ಅಂದಳಷ್ಟ.
ಬೈದಿದ್ದರ ಚಲೋ ಇತ್ತು.

ಈ ಸಲ ಮಿಸ್ಕಿನ್ ಅವರ ಬಣ್ಣದ ಅಂಗಡಿಯಾಗ ಹೇಳಿದೆ:
ನೀರಿನಾಗ ಕರಗೂ ವಾರ್ನಿಶ್ ಬೇಕ್ರಿ, ಮೂಗಿಗೆ ಬಡೀಬಾರದು.
ಅಂವ ಸಾಲಿಗೆ ಮೂರು ಶೀಶೆ ಇಟ್ಟ.
‘ಇದು ಗ್ಲಾಸಿ. ಇದರಾಗ ಮಾರಿ ನೋಡಿ ಕುಂಕುಮ ಹಚಗೋಬಹುದು.
ಇದು ಸ್ಯಾಟಿನ್, ಮದಿವಿ ಮನಿ ಸೀರಿ.
ಇದು ಮ್ಯಾಟ್. ಯಾರೂ ಒಯ್ಯೂದಿಲ್ಲ, ಧೂಳ ಹೊಡೀಬೇಕು ತಡೀರಿ.’
ನನ್ನ ಮೂಗಿನ ಸಾಕ್ಷಿ ನಡಿಯೂದಿಲ್ಲ;
ಮುಚ್ಚಳ ತೆಗದು ಅಂಗಡಿ ಹುಡುಗನ ಕಡೆ ಮೂಸಿಸಿದೆ.
‘ಸಾಲಿ ಗೋಂದಿನಂಗ ಅದರಿ ಅಕ್ಕಾ.’
ಮೂರೂ ತಂದೆ, ಸಣ್ಣ ಶೀಶೆ.

ಲ್ಯಾಬಿನಾಗ ಕೆಟ್ಟ ಹಲ್ಲಿಗೇನು ಬರಗಾಲ?
ಮೂರಕ್ಕ ಬಸ್ಸಿನ ಕೆಂಪು ಬಳದು, ಒಂದು ದಿನ ಪೂರ್ತಿ ಒಣಗಿಸಿ
ಒಂದೊಂದಕ್ಕ ಒಂದೊಂದು ಹಚ್ಚಿದೆ.
ಹಚ್ಚುವಾಗ ಹಾಲು. ಎದಿ ಝಲ್ ಅಂತದ, ಮತ್ತ ಹಾಳಾತು ಅಂತ.
ಚಾ ಕುಡದು ಬರೂದರೊಳಗ ತಿಳಿ.

ಗ್ಲಾಸಿ ಹಚ್ಚಿದ್ದು ಆಟಿಗಿ ಸಾಮಾನು.
ಇದು ನನಗ ಮದಲ ಗೊತ್ತಿರಬೇಕಿತ್ತು:
ಬಾಳ ಹೊಳಿಯೂ ಹಲ್ಲು ಸುಳ್ಳು ಹೇಳತದ.
‘ಬೆಳ್ಳಗ ಮಾಡ್ರಿ, ಪಳಪಳ’ ಅಂತಾರ ಪೇಶಂಟ್ ಮಂದಿ.
ನಾನು ಒಂದೀಟು ಚಾದ ಬಣ್ಣ ಸೇರಸತೀನಿ.
ಹೇಳೂದಿಲ್ಲ.

ಹಂಗಾಗಿ ಮ್ಯಾಟ್.
ಶೀಶೆ ಕುಲಕಬಾರದು, ಗುಳ್ಳಿ ಏಳತಾವ;
ತಳಕ್ಕ ಕುಂತ ಬಿಳಿ ಹಿಟ್ಟು ಕಡ್ಡೀಲೆ ಮೆತ್ತಗ ಎಬ್ಬಸಬೇಕು,
ತೊಟ್ಟಿಲ ಕೂಸು ಎಬ್ಬಿಸಿದಂಗ.
ತೆಳ್ಳಗ ಒಂದು ಕೈ.
ಕಾಯೂದು.
ಇನ್ನೊಂದು ಕೈ.
ಹೊಳಪು ಇಳದು ಉಣಕಲ್ ಏರಿನ ಧೂಳು ಹತ್ತಿತು,
ನಾನು ಧೂಳು ಬಳದ ಇರಲಿಲ್ಲ.

ಗ್ಲಾಸಿ ಒಂದ ಜಾಗಾಕ್ಕ ಇಟ್ಟೆ.
ಕಿಡಕಿ ಬಾಜೂಕ ಅಕ್ಕಿಕಾಳಿನಷ್ಟು ಮುದುಕಿ, ಹಸರು ಸೆರಗು;
ಆಕಿ ಬಾಯಿಗೆ, ಸೂಜಿ ಮೊನೀಲೆ, ಒಂದು ಚುಕ್ಕಿ.

ಶಹಜಾನಬಿಗೆ ತೋರಸಾಕ ಮ್ಯಾಲೆ ಒಯ್ದೆ.
(ಆಕಿ ಬಾಯಾಗಿನವು ನಾನ ಮಾಡಿದ್ದು, ಚಾದ ಬಣ್ಣದ್ದು.)
ಬಸ್ಸು ಮಾರಿ ಹತ್ರ ಹಿಡದು ಉಸಿರು ಜಗ್ಗಿದಳು,
ಇನ್ನೊಮ್ಮೆ ಜಗ್ಗಿದಳು.
‘ವಾಸನೀನ ಇಲ್ಲಲ್ಲ!’
ನಾನು ಹಿಗ್ಗಿ ಹೀರೀಕಾಯಿ.
‘ಡೀಸೆಲ್ ಇಲ್ಲ, ಬೆವರಿಲ್ಲ, ಯಾರದೋ ಬುಟ್ಟಿ ಮೆಂತೆ ಪಲ್ಲೆ ಇಲ್ಲ,
ಇದ್ಯಾವ ಸೀಮಿ ಬಸ್ಸು ಬೇಟಿ?’

ಅಷ್ಟರಾಗ ಕಿಡಕ್ಯಾಗಿನ ಮುದುಕಿ ಕಂಡಳು.
ಹಸರು ಸೆರಗು ಬಾಯಿಗೊತ್ತಿ
ಕೆಮ್ಮು ಬರೂತನಕ ನಕ್ಕಳು.